ಒಂದೇ ಭಾಷೆಯ ಪಥ್ಯ

ಮಾತು ಕಡಿಮೆ ಆಡುವ ಮಗುವಿರುವ ಮನೆಯಲ್ಲಿ ಮಾತಿನ ಬಗ್ಗೆ ನಡೆಯುವಷ್ಟು ಪ್ರಸಂಗಗಳು ಇನ್ನೆಲ್ಲೂ ನಡೆಯುವುದಿಲ್ಲ. ನಮ್ಮ ಮಗಳಿಗೆ ಆರು ವರ್ಷ, ಆಟಿಸಂ ಇದೆ. ಹೋದ ವರ್ಷ ಅವಳ ಹತ್ತಿರ ಇದ್ದದ್ದು ಮೂರೇ ಮಾತು: ‘ನಮ್ದು’, ‘ಬೇಡ’, ‘ಇನ್ನೊಂದು’. ಮೂರೂ ಕನ್ನಡದ್ದೇ. ಅಷ್ಟರಲ್ಲೇ ಅವಳ ವ್ಯವಹಾರವೆಲ್ಲ ಸುಸೂತ್ರವಾಗಿ ನಡೆಯುತ್ತಿತ್ತು. ನಿಜ ಹೇಳಬೇಕೆಂದರೆ ನಮ್ಮ ಯಜಮಾನರೂ ಮನೆಯಲ್ಲಿ ಇದಕ್ಕಿಂತ ಹೆಚ್ಚು ಪದ ಖರ್ಚು ಮಾಡುವವರಲ್ಲ.

ಬೆಂಡೆಕಾಯಿ ಮತ್ತು ಬುದ್ಧಿವಾದ

ಒಂದು ಶನಿವಾರ ಹ್ಯೂಸ್ಟನ್‌ಗೆ ಹೋದವರು ಸ್ಟಾಫರ್ಡ್‌ನ ಇಂಡಿಯನ್ ಅಂಗಡಿಗೆ ನುಗ್ಗಿದೆವು. ನಾನು ಮಗಳಿಗೆ ಒಂದೊಂದೇ ತರಕಾರಿಯ ಹೆಸರು ಹೇಳುತ್ತಿದ್ದೆ. ಪಕ್ಕದಲ್ಲಿ ಬೆಂಡೆಕಾಯಿಯ ತುದಿ ಮುರಿದು ಮುರಿದು ನೋಡುತ್ತಿದ್ದ ಆಂಟಿಯೊಬ್ಬರು ನಮ್ಮನ್ನು ಗಮನಿಸಿ, ಎಲ್ಲವನ್ನೂ ವಿಚಾರಿಸಿಕೊಂಡರು. ಇಂಥ ಮಕ್ಕಳ ಹತ್ತಿರ ಇಂಗ್ಲಿಷ್ ಬಿಟ್ಟು ಬೇರೇನೂ ಆಡಬಾರದು, ಎರಡು ಭಾಷೆ ಆದರೆ ತಲೆ ಕಲಸಿಹೋಗುತ್ತದೆ ಎಂದರು. ಇದನ್ನು ನನಗೆ ಕನ್ನಡದಲ್ಲಿ ಹೇಳುತ್ತಲೇ ಫೋನಿನಲ್ಲಿ ತಂಗಿಗೆ ತಮಿಳಿನಲ್ಲಿ ಉತ್ತರ ಕೊಟ್ಟರು, ಅಂಗಡಿಯವನಿಗೆ ಹಿಂದಿಯಲ್ಲಿ ಕೊತ್ತಂಬರಿ ಬಾಡಿದೆ ಎಂದು ಬೈದರು.

ನಿಮಗೆ ಇಷ್ಟೆಲ್ಲ ಭಾಷೆ ಬರುತ್ತದಲ್ಲ, ತಲೆ ಕಲಸುವುದಿಲ್ಲವೇ ಎಂದು ನಾನು ನಿಜವಾದ ಕುತೂಹಲದಿಂದಲೇ ಕೇಳಿದೆ. ಛೆ, ನನಗೇನೂ ಆಗುವುದಿಲ್ಲ ಎಂದು ಹೇಳಿ, ಅವರು ನಮ್ಮ ಟ್ರಾಲಿಯನ್ನು ತಳ್ಳಿಕೊಂಡು ಹೊರಟೇಬಿಟ್ಟರು.

ಮಗಳು ಹಿಂದೆಯೇ ಹೋಗಿ ಟ್ರಾಲಿ ಹಿಡಿದು ನಿಲ್ಲಿಸಿದಳು. “ನಮ್ದು,” ಅಂದಳು.

ಅಪ್ಪನ ಮೀಟಿಂಗ್

ಇಷ್ಟಾದರೂ ಆಂಟಿಯ ಮಾತು ತಲೆಯಲ್ಲಿ ಹುಳ ಬಿಟ್ಟಿತ್ತು. ನಮ್ಮೂರಿಗೆ ಮರಳಿದ ಮೇಲೆ ಲಾಸ್ ಕೊಲಿನಾಸ್‌ನ ಆಫೀಸಿನಲ್ಲಿ ಯಜಮಾನರಿಗೂ ಯಾರೋ ಅದನ್ನೇ ಹೇಳಿದರಂತೆ. ಮಗುವಿನ ಮಾತಿನ ವಿಷಯ, ಯಾಕೆ ರಿಸ್ಕ್ ಎಂದುಕೊಂಡು ಮನೆಯಲ್ಲಿ ಇಂಗ್ಲಿಷಿನ ಪಥ್ಯ ಶುರುಮಾಡಿದೆವು.

ದಿನವಿಡೀ ಕ್ಲೈಂಟುಗಳ ಜೊತೆ ಇಂಗ್ಲಿಷಿನಲ್ಲಿ ವಾದ ಮಾಡುವ ಮನುಷ್ಯನಿಗೆ ಸ್ವಂತ ಮಗಳಿಗೆ ಮೊಸರನ್ನ ತಿನ್ನಿಸಲು ಮಾತ್ರ ಇಂಗ್ಲಿಷ್ ಸಾಲಲಿಲ್ಲ. ಅವರಿಗೆ ಗೊತ್ತಿದ್ದದ್ದು ಆಫೀಸಿನ ಇಂಗ್ಲಿಷ್ ಒಂದೇ. ಮೊಸರನ್ನದ ಸ್ಟೇಟಸ್ ಏನು, ಈ ತುತ್ತನ್ನು ಕ್ಲೋಸ್ ಮಾಡೋಣವೇ ಎಂಬ ಧಾಟಿಯಲ್ಲೇ ಊಟ ಸಾಗುತ್ತಿತ್ತು.

ಮಗಳು ಅವರನ್ನೇ ದಿಟ್ಟಿಸಿ ನೋಡಿದಳು. ಎದ್ದುಹೋಗಿ ಅವರ ಲ್ಯಾಪ್‌ಟಾಪ್ ಬ್ಯಾಗನ್ನು ಎಳೆದು ತಂದು ಮಡಿಲಲ್ಲಿಟ್ಟು, ಮುಂಬಾಗಿಲು ತೆರೆದು ನಿಂತಳು. ಹೀಗೆ ಮಾತಾಡುವ ಅಪ್ಪ ಇರಬೇಕಾದ ಜಾಗ ಆಫೀಸು ಎಂಬುದು ಅವಳ ಲೆಕ್ಕ.

ನಕ್ಕು ನಕ್ಕು ಸುಸ್ತಾದೆವು. ಆದರೆ ಆಮೇಲಾಮೇಲೆ ನಗು ನಿಂತಿತು. ಇಂಗ್ಲಿಷ್ ಬರಲಿಲ್ಲ, ಇದ್ದ ಮೂರು ಮಾತೂ ಹೋದವು. ಸಾಕು, ನಿಲ್ಲಿಸಿಬಿಡೋಣ ಎಂದೆ ನಾನು. ಯಜಮಾನರು ಮಾತ್ರ ಇನ್ನೂ ಸ್ವಲ್ಪ ದಿನ ನೋಡೋಣ ಎನ್ನುತ್ತಿದ್ದರು, ಅದನ್ನೂ ಇಂಗ್ಲಿಷಿನಲ್ಲೇ.

ಚಹಾದ ಕಾರ್ಡು

ಅದೇ ಹೊತ್ತಿಗೆ ಧಾರವಾಡದಿಂದ ನಮ್ಮತ್ತೆ ಬಂದರು. ವಿಡಿಯೊ ಕಾಲಿನಲ್ಲೂ ಫೋನನ್ನು ಕಿವಿಗೇ ಒತ್ತಿ ಹಿಡಿಯುವವರಾದ್ದರಿಂದ ಮೊಮ್ಮಗಳು ಅಲ್ಲಿಯವರೆಗೆ ನೋಡಿದ್ದು ಅವರ ಕಿವಿಯೋಲೆಯನ್ನು ಮಾತ್ರ. ಪಥ್ಯದ ವಿಷಯ ವಿವರಿಸಿದೆವು. ಇಂಗ್ಲಿಷ್ ಬಾರದ ಅತ್ತೆ, ಕೂಸಿಗೆ ಒಳ್ಳೇದಾಗುವುದಾದರೆ ಅದರ ಮುಂದೆ ಬಾಯೇ ತೆರೆಯುವುದಿಲ್ಲ ಎಂದರು. ಧಾರವಾಡದ ಓಣಿಯಲ್ಲಿ ಅವರನ್ನು ಬಲ್ಲವರು ಯಾರೂ ಇದನ್ನು ನಂಬಲಾರರು.

ಮಾತಾಡದೆ ಬರೀ ಕೈಸನ್ನೆ ಮಾಡುವ ಅಜ್ಜಿಯನ್ನು ಮಗಳು ಬಹಳ ಹೊತ್ತು ಪರೀಕ್ಷಿಸಿದಳು. ಆಮೇಲೆ ತನ್ನ ಚಿತ್ರದ ಕಾರ್ಡುಗಳ ಗೊಂಚಲನ್ನು ತಂದಳು. ಬಾಯಲ್ಲಿ ಬಾರದ್ದನ್ನು ತೋರಿಸಿ ಕೇಳಲೆಂದು ಸ್ಪೀಚ್ ಥೆರಪಿಸ್ಟ್ ಕೊಟ್ಟಿದ್ದ ಕಾರ್ಡುಗಳವು: ನೀರು, ಊಟ, ಇನ್ನೂ ಬೇಕು, ಮುಗೀತು. ಅಜ್ಜಿಯ ಬೆರಳು ಹಿಡಿದು ನೀರಿನ ಚಿತ್ರದ ಮೇಲಿಟ್ಟು, ಓಡಿಹೋಗಿ ನೀರು ತಂದುಕೊಟ್ಟಳು.

ಅಂದಿನಿಂದ ಪಾಠ ತಪ್ಪಲಿಲ್ಲ. ಚಹಾದ ಕಾರ್ಡು ಇರಲಿಲ್ಲವಾದ್ದರಿಂದ ನಮ್ಮತ್ತೆ ಚಹಾದ ಹೊತ್ತಿಗೂ ನೀರನ್ನೇ ಕುಡಿದರು.

ಪಾಠದ ಫಲ

ಮುಂದಿನ ಥೆರಪಿಗೆ ಎಲ್ಲರೂ ಹೋದೆವು. ಮೂರು ಮಾತು ಎಲ್ಲಿ ಹೋದವು ಎಂದು ಥೆರಪಿಸ್ಟ್ ಕೇಳಿದಾಗ ಪಥ್ಯದ ಕಥೆ ಹೇಳಿದೆವು. ಆಕೆಯ ಮನೆಯಲ್ಲಿ ಸ್ಪ್ಯಾನಿಷ್. ಎರಡು ಭಾಷೆಯಿಂದ ಆಟಿಸಂ ಇರುವ ಮಗುವಿನ ತಲೆ ಕೆಡುವುದಿಲ್ಲ, ನೀವು ನಗುವುದು, ಬೈಯುವುದು ಯಾವ ಭಾಷೆಯಲ್ಲೋ ಅದರಲ್ಲೇ ಮಾತಾಡಿಸಿ ಎಂದರು. “ಮನೆಯ ಭಾಷೆ ನಿಲ್ಲಿಸಿದ್ರೆ ಮಗುವಿಗೆ ಇಂಗ್ಲಿಷ್ ಜಾಸ್ತಿ ಆಗಲ್ಲ, ಮನೆಯವರು ಕಮ್ಮಿ ಆಗ್ತಾರೆ,” ಎಂಬರ್ಥದ ಮಾತು ಹೇಳಿದರು.

ನಾನು ಅದನ್ನು ಅತ್ತೆಗೆ ಕನ್ನಡದಲ್ಲಿ ಹೇಳಿದೆ. “ಮೊದಲ ಹೇಳಬಾರದೇನವಾ, ನಾಲಿಗಿಗೆ ತುಕ್ಕು ಹಿಡಿಯಾಕತ್ತಿತ್ತು,” ಎಂದು ಶುರುಮಾಡಿದವರು ಕೂಸನ್ನು ಮಡಿಲಿಗೆಳೆದುಕೊಂಡು, ಕೂಡಿಟ್ಟಿದ್ದನ್ನೆಲ್ಲ ಒಂದೇ ಉಸಿರಿಗೆ ಸುರಿದರು.

ಮಗಳು ಬೆಚ್ಚಿ ಅಜ್ಜಿಯ ಬಾಯನ್ನೇ ನೋಡಿದಳು. ಮುಖ ಅರಳಿತು. ಚೆನ್ನಾಗಿ ಮಾತಾಡಿದ ಮಕ್ಕಳಿಗೆಂದು ಥೆರಪಿಸ್ಟರ ಮೇಜಿನ ಮೇಲಿದ್ದ ನಕ್ಷತ್ರದ ಸ್ಟಿಕ್ಕರ್ ಕಿತ್ತು ಅಜ್ಜಿಯ ಕುಂಕುಮದ ಪಕ್ಕ ಅಂಟಿಸಿ, ಥೆರಪಿಸ್ಟರದೇ ರಾಗದಲ್ಲಿ, “ಗುಡ್ ಟಾಕಿಂಗ್, ಅಜ್ಜಿ,” ಅಂದಳು.

ಅವಳ ಮೊದಲ ವಾಕ್ಯ, ಅದೂ ಎರಡು ಭಾಷೆಯಲ್ಲಿ. ನಾನು ಅತ್ತುಬಿಟ್ಟೆ. ಅವಳು ಮಾತ್ರ, ತನ್ನ ಪಾಠದಿಂದಲೇ ಅಜ್ಜಿಗೆ ಮಾತು ಬಂತು ಎಂಬ ಹೆಮ್ಮೆಯಲ್ಲಿ ನಿಂತಿದ್ದಳು.

ಮನೆಗೆ ಬರುವಾಗ ಅತ್ತೆ ಕಾರಿನಲ್ಲಿ ಒಂದರ ಮೇಲೊಂದು ಕಥೆ ಹೇಳಿದರು. ಟ್ರಾಫಿಕ್ಕಿನಲ್ಲಿ ಸಿಕ್ಕಿಕೊಂಡರೂ ಕಥೆ ನಿಲ್ಲಲಿಲ್ಲ. ಕೊನೆಗೆ ಮಗಳು ಗೊಂಚಲಿನಿಂದ ‘ಮುಗೀತು’ ಕಾರ್ಡನ್ನು ತೆಗೆದು ಅಜ್ಜಿಯ ಮೂಗಿನ ಮುಂದೆ ಹಿಡಿದಳು. ಅತ್ತೆ ಗಪ್‌ಚುಪ್. ಸ್ಟೀರಿಂಗ್ ಹಿಡಿದಿದ್ದ ಯಜಮಾನರು ನೆಮ್ಮದಿಯ ಉಸಿರು ಬಿಟ್ಟರು.

ಟ್ರಾಫಿಕ್ಕು ಸರಿದು ಕಾರು ಮುಂದೆ ಹೋಯಿತು. ಆಮೇಲೆ ಹಿಂದಿನ ಸೀಟಿನಿಂದ, ಕಳೆದೇಹೋಯಿತು ಅಂದುಕೊಂಡಿದ್ದ ಮಾತು ಸ್ಪಷ್ಟವಾಗಿ ಕೇಳಿಸಿತು. “ಅಜ್ಜಿ, ಇನ್ನೊಂದು.”

ಅಷ್ಟು ದಿನ ಮಗಳ ಮುಂದೆ ಇಂಗ್ಲಿಷ್ ಬಿಟ್ಟು ಬೇರೇನೂ ಆಡದಿದ್ದ ಯಜಮಾನರ ಬಾಯಿಂದಲೂ ಆ ಕ್ಷಣವೇ ಕನ್ನಡ ಹೊರಬಿತ್ತು: “ಬೇಡ.”