ಒಂದು ಕೈ ಗಟ್ಟಿ, ಒಂದು ಕೈ ಮೆತ್ತಗೆ

ಮೇಸ್ತ್ರಿಯ ಜೇಬಿನಲ್ಲಿದ್ದ ಫೋನು ಇನ್ನೊಂದು ಗಳಿಗೆ ಬಾಯಿ ಮುಚ್ಚಿಕೊಂಡಿದ್ದರೆ ಗಂಟಕ್ಕನಿಗೆ ಆ ದಿನ ಅಷ್ಟೆಲ್ಲ ಫಜೀತಿ ಆಗುತ್ತಿರಲಿಲ್ಲ.

ಬೆಳಿಗ್ಗೆ ಯಂತ್ರಗಳು ಗುಡುಗುತ್ತಿರುವಾಗಲೇ ಅವನು ಮೆಟ್ಟಿಲ ಮೇಲೆ ನಿಂತು ಕೂಗಿದ್ದ: "ಐವತ್ತೈದು ದಾಟಿದ ಹೆಂಗಸರೆಲ್ಲ ಕೇಳಿ! ಊಟ ಆದ್ಮೇಲೆ ಡಾಕ್ಟರಮ್ಮ ಬರ್ತಾರೆ. ನಿಮ್ಮ ಮೂಳೆ ಹೇಗಿದೆ, ತೋಳಲ್ಲಿ ಬಲ ಎಷ್ಟಿದೆ ಅಂತ ನೋಡ್ತಾರೆ. ಅದನ್ನ ನೋಡ್ಕೊಂಡು, ಮಡಿಸೋ ಮೇಜಿನ ಕುರ್ಚಿ ಯಾರಿಗೆ ಅಂದ್ರೆ..."

ಫೋನು ಬಡಿದುಕೊಂಡಿತು. "ಹಲೋ ಸಾರ್, ಬಂದೆ ಸಾರ್" ಎನ್ನುತ್ತ ಮೇಸ್ತ್ರಿ ಬಿಸಿ ಬಾಣಲೆಗೆ ಬಿದ್ದ ಬೆಣ್ಣೆಯಂತೆ ಕರಗುತ್ತ ಮೇಲೆ ಹೋದ. ಯಾರಿಗೆ ಎಂಬುದು ಅವನ ಬಾಯಲ್ಲೇ ಉಳಿಯಿತು.

ಅದು ದೊಡ್ಡ ಆಸ್ಪತ್ರೆಯೊಂದರ ನೆಲಮಾಳಿಗೆ. ಮೇಲಿನ ಮಹಡಿಗಳ ಹಾಸಿಗೆ ಬಟ್ಟೆಯೆಲ್ಲ ಬೆವರು, ರಕ್ತ, ಕಣ್ಣೀರು ಸಮೇತ ಇಳಿದು ಬರುವುದು ಇಲ್ಲಿಗೇ. ಒಗೆಯುವ ಯಂತ್ರ ಈ ಗೋಡೆಗೆ, ಒಣಗಿಸುವ ಯಂತ್ರ ಆ ಗೋಡೆಗೆ. ನಕ್ಷೆ ಬರೆದ ಮಹಾನುಭಾವ ಜನ್ಮದಲ್ಲಿ ಒಂದು ಒದ್ದೆ ಟವೆಲನ್ನೂ ಎತ್ತಿದವನಲ್ಲ. ನಡುವೆ ಓಡಾಡಬೇಕಾದ ತಳ್ಳುಗಾಡಿ ಚಕ್ರ ಮುರಿದುಕೊಂಡು ಮೂಲೆಯಲ್ಲಿ ಕುಂಟಕೋಳಿಯಂತೆ ಕೂತು ವರ್ಷಗಳಾಗಿದ್ದವು. ಹಾಗಾಗಿ ಒದ್ದೆ ಬಟ್ಟೆಯ ಗಂಟುಗಳನ್ನು ಈ ಗೋಡೆಯಿಂದ ಆ ಗೋಡೆಗೆ ಹೊರುತ್ತಿದ್ದವಳು ಗಂಟಕ್ಕ. ಅವಳ ನಿಜವಾದ ಹೆಸರು ಸಂಬಳ ಹಂಚುವವರಿಗೂ ಮರೆತುಹೋಗಿತ್ತು.

ಆ ಇಡೀ ನೆಲಮಾಳಿಗೆಯಲ್ಲಿ ಕೂತು ಮಾಡುವ ಕೆಲಸ ಒಂದೇ: ಬಟ್ಟೆ ಮಡಿಸುವುದು. ಮಡಿಸುತ್ತಿದ್ದ ಅಜ್ಜಿ ಮೊಮ್ಮಗುವನ್ನು ನೋಡಿಕೊಳ್ಳಲು ಕೆಲಸ ಬಿಟ್ಟಾಗಿನಿಂದ ಕುರ್ಚಿ ಖಾಲಿ ಇತ್ತು. ಕುರ್ಚಿಗಾಗಿ ದೊಡ್ಡವರು ಬಡಿದಾಡುವುದನ್ನು ಗಂಟಕ್ಕ ಕೇಳಿದ್ದಳು. ತನಗೂ ಅದರ ಆಸೆ ಹತ್ತುತ್ತದೆಂದು ಎಣಿಸಿರಲಿಲ್ಲ. ಆದರೆ ಅವಳ ಮೊಣಕಾಲು ಈಚೆಗೆ ಎಣ್ಣೆ ಕಾಣದ ಬಾಗಿಲಿನಂತೆ ಕಿರ್ ಎನ್ನುತ್ತಿತ್ತು. ಆ ಕುರ್ಚಿ ಸಿಕ್ಕಿದರೆ ಮೊಣಕಾಲು ಉಳಿಯುತ್ತದೆ, ಇಲ್ಲದಿದ್ದರೆ ಇಲ್ಲ.

"ಬಲ ಇಲ್ಲದೋರಿಗೇ ಕುರ್ಚಿ, ಮತ್ತಿನ್ಯಾರಿಗೆ?" ಎಂದಳು ಇಸ್ತ್ರಿ ಮೇಜಿನ ರೇಡಿಯೋ. ಕೇಳುವವರು ಇರಲಿ ಬಿಡಲಿ, ಸುದ್ದಿ ಬಿತ್ತರಿಸುತ್ತಲೇ ಇರುತ್ತಿದ್ದುದರಿಂದ ಆ ಹೆಸರು. "ನೀನು ಸ್ವಲ್ಪ ನರಳಾಡ್ಕೊಂಡಿರು, ಅಕ್ಕ. ಕೈ ನಡುಗಿಸು. ಇಷ್ಟು ಗಟ್ಟಿಮುಟ್ಟಾಗಿ ಓಡಾಡಿದ್ರೆ ಯಾರು ಕೂರಿಸ್ತಾರೆ?"

ಗಂಟಕ್ಕ ನರಳತೊಡಗಿದಳು. ಕುಂಟಿದಳು. ಒಂದು ಗಂಟನ್ನು ನಡುದಾರಿಯಲ್ಲಿ ಬೀಳಿಸಿಯೂ ತೋರಿಸಿದಳು. ಅದನ್ನು ನೋಡಿದ ಲಾಯರಮ್ಮ, ಸಾಬೂನು ಪುಡಿ ಅಳೆಯುವ ಲೋಟ ಹಿಡಿದುಕೊಂಡೇ ಓಡಿ ಬಂದಳು. ಸೂರ್ಯ ಮೂಡಿದ ಎಂದರೂ ಸಾಕ್ಷಿ ಕೇಳುವ ಹೆಂಗಸು ಅವಳು.

"ನಿನ್ನ ತಲೆಯೊಳಗೇನು ಸಾಬೂನು ನೊರೆ ಇದೆಯಾ? ಬಲ ಇಲ್ಲದೋರನ್ನ ಇವರು ಕುರ್ಚಿ ಮೇಲೆ ಕೂರಿಸ್ತಾರಾ? ಗೇಟಿನ ಆಚೆ ಕೂರಿಸ್ತಾರೆ! ಸವೆದ ಬ್ರಷ್ಷನ್ನ ಯಾರಾದ್ರೂ ಶೋಕೇಸಲ್ಲಿ ಇಟ್ಟಿದ್ದು ನೋಡಿದೀಯಾ?"

ಗಂಟಕ್ಕನ ಕುಂಟು ತಟ್ಟನೆ ವಾಸಿಯಾಯಿತು. ಎರಡೆರಡು ಗಂಟು ಹೊತ್ತು ಓಡಿದಳು. ಅಷ್ಟರಲ್ಲಿ ಮೇಸ್ತ್ರಿ ಇಳಿದು ಬಂದ. ಅವಳು ಅಡ್ಡಗಟ್ಟಿ ನೇರವಾಗಿ ಕೇಳಿಯೇಬಿಟ್ಟಳು: "ಸಾರ್, ಕುರ್ಚಿ ಬಲ ಇದ್ದೋರಿಗಾ, ಇಲ್ಲದೋರಿಗಾ?"

ಮೇಸ್ತ್ರಿಗೂ ಗೊತ್ತಿರಲಿಲ್ಲ; ಬೆಳಿಗ್ಗೆ ಫೋನು ಬರದಿದ್ದರೆ ಬಾಯಿಗೆ ಬಂದದ್ದೊಂದನ್ನು ಹೇಳಿ ಮುಗಿಸುತ್ತಿದ್ದ, ಅಷ್ಟೆ. ಮೇಲಿನವರು ಅವನಿಗೆ ಹೇಳಿರಲಿಲ್ಲ, ಅವನು ಕೇಳಿರಲಿಲ್ಲ. ಆದರೆ ಗೊತ್ತಿಲ್ಲ ಎನ್ನುವುದು ಮೇಸ್ತ್ರಿಗಿರಿಗೆ ಒಪ್ಪುವ ಮಾತೇ?

"ಪರೀಕ್ಷೆಗೆ ಮುಂಚೆ ಉತ್ತರ ಹೇಳ್ತಾರೇನಮ್ಮ?" ಎಂದು ಗದರಿ ಹೊರಟುಹೋದ.

ಊಟದ ಹೊತ್ತಿಗೆ ಜಗಳ ಗಂಟಕ್ಕನ ಮೈಮೇಲೇ ಬಂತು. "ಮೆತ್ತಗೆ ಹಿಡೀಬೇಕು" ಎಂದು ರೇಡಿಯೋ ಅವಳ ಎಡಗೈ ಜಗ್ಗಿದಳು. "ಗಟ್ಟಿ ಹಿಡೀಬೇಕು" ಎಂದು ಲಾಯರಮ್ಮ ಬಲಗೈ ಎಳೆದಳು. ನಡುವೆ ಗಂಟಕ್ಕ ಹಿಂಡಲು ಹಿಡಿದ ಚಾದರದಂತೆ ತಿರುಚಿಕೊಂಡಳು. ತುತ್ತು ಬಾಯಿಗೆ ಹೋಗಲಿಲ್ಲ. ಹೋಗಲು ಕೈಯೇ ಖಾಲಿ ಇರಲಿಲ್ಲ. ಆಗ ಅವಳಿಗೆ ಹೊಳೆಯಿತು. ದೇವರು ಎರಡು ಕೈ ಕೊಟ್ಟಿರುವುದು ಮತ್ಯಾಕೆ? ಎಡಗೈ ರೇಡಿಯೋಳ ಮಾತು ಕೇಳಲಿ, ಬಲಗೈ ಲಾಯರಮ್ಮನದು ಕೇಳಲಿ. ಯಾವುದು ಸರಿಯಾದರೂ ಅರ್ಧ ಕುರ್ಚಿಯಾದರೂ ಸಿಕ್ಕೀತು.

ಡಾಕ್ಟರಮ್ಮ ಎಳೆ ಪ್ರಾಯದವಳು, ನಗುಮುಖದವಳು. ಇಕ್ಕಳದಂಥ ಒಂದು ಸಾಧನವನ್ನು ಗಂಟಕ್ಕನ ಬಲಗೈಗೆ ಕೊಟ್ಟಳು. "ಎಷ್ಟಾಗುತ್ತೋ ಅಷ್ಟು ಜೋರಾಗಿ ಹಿಂಡಿ, ಅಮ್ಮ."

ಹಿಂಡುವುದನ್ನು ಗಂಟಕ್ಕನಿಗೆ ಹೇಳಿಕೊಡಬೇಕೇ? ಬಲ ತೋರಿಸುವ ಮುಳ್ಳು, ಹಾವು ತುಳಿದವರಂತೆ, ಹಾರಿತು. ಡಾಕ್ಟರಮ್ಮನ ಹುಬ್ಬೂ ಹಾರಿತು. "ಭೇಷ್! ಈಗ ಎಡಗೈ."

ಗಂಟಕ್ಕ ಅದನ್ನು ಹಸುಗೂಸಿನ ಕೆನ್ನೆ ಮುಟ್ಟಿದಂತೆ ಮುಟ್ಟಿದಳು. ಮುಳ್ಳು ಕದಲಲಿಲ್ಲ.

ಡಾಕ್ಟರಮ್ಮನ ನಗು ಆರಿತು. "ಯಾವಾಗಿಂದ ಹೀಗೆ?"

"ಊಟದ ಹೊತ್ತಿಂದ," ಎಂದಳು ಗಂಟಕ್ಕ. ಸುಳ್ಳೇನಲ್ಲ.

"ಅಯ್ಯೋ! ಎಲ್ಲಿ, ಒಂದ್ಸಲ ನಗಿ ನೋಡೋಣ?"

ನಗುವುದು ಬಲದ ಲೆಕ್ಕಕ್ಕೆ ಬರುತ್ತದೋ ಬಲಹೀನರ ಲೆಕ್ಕಕ್ಕೋ? ಗಂಟಕ್ಕ ತಬ್ಬಿಬ್ಬಾದಳು. ಯಾವುದಕ್ಕೂ ಇರಲಿ ಎಂದು ಬಾಯಿಯ ಒಂದೇ ಬದಿಯಿಂದ ನಕ್ಕಳು.

"ಸ್ಟ್ರೆಚರ್ ತನ್ನಿ! ಲಕ್ವಾ ಹೊಡೆದಿದೆ!"

ಆಮೇಲೆ ಆದದ್ದು ಗಂಟಕ್ಕನಿಗೆ ಸರಿಯಾಗಿ ತಿಳಿಯಲೇ ಇಲ್ಲ. ಇಬ್ಬರು ಗಂಡಸರು ಅವಳನ್ನು ಬಟ್ಟೆಯ ಗಂಟಿನಂತೆ ಎತ್ತಿ ಮಲಗಿಸಿದರು. ರೇಡಿಯೋ ಎದೆ ಬಡಿದುಕೊಂಡು, "ಬೆಳಿಗ್ಗೆನೇ ಕುಂಟ್ತಾ ಇದ್ಳು, ನಾನು ನೋಡಿದೆ!" ಎಂದು ಬಿತ್ತರಿಸಿದಳು. ಲಾಯರಮ್ಮ ಮೇಸ್ತ್ರಿಯ ಅಂಗಿ ಹಿಡಿದು, "ಗಂಟು ಹೊರಿಸಿ ಹೊರಿಸಿ ಹೆಂಗಸನ್ನ ಕೊಂದ್ರಿ, ಉತ್ತರ ಹೇಳಿ!" ಎಂದು ಕಿರುಚಿದಳು. ಇಷ್ಟರ ನಡುವೆ ಗಂಟಕ್ಕನಿಗೆ ಒಂದು ಕ್ಷಣ ಹಾಯೆನಿಸಿತು. ಸಾವಿರಾರು ಜನರ ಹಾಸಿಗೆ ಬಟ್ಟೆ ಹೊತ್ತವಳು ಅದರ ಮೇಲೆ ಬೆನ್ನು ಚಾಚಿದ್ದು ಅವತ್ತೇ ಮೊದಲು. ಚೆನ್ನಾಗಿಯೇ ಒಗೆದಿದ್ದೇವೆ ಎಂದುಕೊಂಡಳು.

ಅಷ್ಟರಲ್ಲಿ ಯಾರೋ ಸೂಜಿ ತಂದರು. ಅದರ ಉದ್ದ ನೋಡಿದ್ದೇ ಗಂಟಕ್ಕ ಸ್ಟ್ರೆಚರಿನಿಂದ ಮೀನಿನಂತೆ ಚಿಮ್ಮಿದಳು. ಪಕ್ಕದಲ್ಲಿದ್ದ ಒದ್ದೆ ಗಂಟನ್ನು ಎಡಗೈಯಲ್ಲೇ ಹೆಗಲಿಗೆ ಎಸೆದುಕೊಂಡು ಆ ಗೋಡೆಗೆ ಓಡಿ, ಈ ಗೋಡೆಗೆ ಬಂದು ಏದುಸಿರಲ್ಲಿ ಹೇಳಿದಳು: "ನೋಡಿ ತಾಯಿ, ಇದೂ ಗಟ್ಟಿ ಇದೆ! ಬೇಕಂತಲೇ ಮೆತ್ತಗೆ ಹಿಡಿದೆ! ಲಕ್ವಾನೂ ಇಲ್ಲ, ಏನೂ ಇಲ್ಲ!"

ಡಾಕ್ಟರಮ್ಮ ಮೊದಲು ಸಿಟ್ಟಾದಳು, ಆಮೇಲೆ ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು. ನಕ್ಕು ಮುಗಿದ ಮೇಲೆ ಗಂಟಕ್ಕನ ಮೊಣಕಾಲನ್ನು ಒತ್ತಿ ನೋಡಿ, ಮೇಸ್ತ್ರಿಗೆ ಬಿಡಿಸಿ ಹೇಳಿದಳು: "ಮುಟ್ಟು ನಿಂತ ಮೇಲೆ ಹೆಂಗಸರ ಮೂಳೆ ಬೇಗ ಸವೆಯುತ್ತೆ, ಮಾಂಸಖಂಡ ಕರಗುತ್ತೆ. ಭಾರ ಎತ್ತಿದ್ರೆ ಎರಡೂ ಉಳಿಯುತ್ತೆ, ಈ ಅಮ್ಮನಲ್ಲಿ ಉಳಿದಿದೆ. ಆದರೆ ಅದಕ್ಕೊಂದು ಮಿತಿ ಬೇಕು. ನಡುನಡುವೆ ವಿಶ್ರಾಂತಿ ಬೇಕು, ಹೊಟ್ಟೆ ತುಂಬ ಕಾಳು, ಹಾಲು, ಮೊಟ್ಟೆ ಬೇಕು, ಬಿಸಿಲು ಬೇಕು. ಇವರ ಮೊಣಕಾಲು ಸೋತಿದೆ. ಮೊದಲು ಆ ಗಾಡಿ ರಿಪೇರಿ ಮಾಡ್ಸಿ, ಇವರನ್ನ ಸ್ವಲ್ಪ ದಿನ ಕೂರಿಸಿ."

"ಆಗ್ಲಿ ಮೇಡಂ, ಆಗ್ಲಿ ಮೇಡಂ," ಎಂದು ಮೇಸ್ತ್ರಿ ಕತ್ತು ಆಡಿಸಿದ.

ಗಂಟಕ್ಕನಿಗೆ ನಂಬಿಕೆಯೇ ಬರಲಿಲ್ಲ. ಗಟ್ಟಿ ಎಂದೂ ಆಯಿತು, ಕೂರಿಸಿ ಎಂದೂ ಆಯಿತು. ಹಾಗಾದರೆ ಇಬ್ಬರು ಗೆಳತಿಯರೂ ಸರಿಯೇ? ಇಬ್ಬರೂ ತಪ್ಪೇ? ತಲೆ ಒಗೆಯುವ ಯಂತ್ರದಂತೆ ತಿರುಗಿತು. ಆದರೂ ಕುರ್ಚಿಯನ್ನು ಸೆರಗಿನಿಂದ ಒಮ್ಮೆ ಒರೆಸಿಟ್ಟಳು.

ಸಂಜೆ ಮೇಸ್ತ್ರಿ ಮೇಲಿನವರಿಗೆ ವರದಿ ಒಪ್ಪಿಸಿ ಬಂದು ಅದೇ ಮೆಟ್ಟಿಲ ಮೇಲೆ ನಿಂತ. ಡಾಕ್ಟರಮ್ಮನ ಮಾತು ಅವನ ಕಿವಿಯೆಂಬ ಜರಡಿಯಿಂದ ಇಳಿದು, ಮೇಲಿನವರ ಜರಡಿಯಿಂದಲೂ ಇಳಿದು, ಕೊನೆಗೆ ಉಳಿದದ್ದು ಒಂದೇ ಹರಳು.

"ಭಾರ ಎತ್ತೋದು ಹೆಂಗಸರ ಮೂಳೆಗೆ ಒಳ್ಳೇದಂತೆ! ಇಷ್ಟು ದಿನ ನೀವು ಮಾಡ್ತಿದ್ದಿದ್ದು ಕೆಲಸ ಅಂದ್ಕೊಂಡಿದ್ರಿ. ಕೆಲಸ ಅಲ್ಲಮ್ಮ, ವ್ಯಾಯಾಮ! ದುಡ್ಡು ಕೊಟ್ಟು ಮಾಡೋ ಜನ ಇದಾರೆ. ಅದಕ್ಕೇ ನಾಳೆಯಿಂದ ಎಲ್ಲರೂ ಸರದಿ ಮೇಲೆ ಗಂಟು ಹೊರಬೇಕು. ಗಾಡಿ ಗುಜರಿಗೆ. ಮಡಿಸೋ ಕೆಲಸ ನಿಂತ್ಕೊಂಡು. ಕುರ್ಚಿ ಮೇಲಿನ ಮಹಡಿಗೆ, ಮ್ಯಾನೇಜರ್ ಸಾಹೇಬರ ರೂಮಿಗೆ, ಬಂದೋರು ಕೂರೋಕೆ."

ರೇಡಿಯೋ, ಲಾಯರಮ್ಮ ಇಬ್ಬರೂ ಒಟ್ಟಿಗೆ ಗಂಟಕ್ಕನತ್ತ ತಿರುಗಿ, ಊರಿಗೆ ಬೆಂಕಿ ಇಟ್ಟವಳನ್ನು ನೋಡುವಂತೆ ನೋಡಿದರು.

"ನಿನ್ನ ಬಲ ತೋರಿಸೋಕೆ ಹೋಗಿ ನಮ್ಮ ಸೊಂಟ ಮುರಿದೆಯಲ್ಲೇ," ಎಂದಳು ಲಾಯರಮ್ಮ.

"ನೀನೇ ಅಲ್ವಾ ಗಟ್ಟಿ ಹಿಡಿ ಅಂದಿದ್ದು!"

"ಒಂದು ಕೈಲಿ ಅಂದಿದ್ನಾ?"

ಮೇಸ್ತ್ರಿ ಚಪ್ಪಾಳೆ ತಟ್ಟಿದ. "ಏ ಗಂಟಕ್ಕ, ಇದನ್ನ ಮೇಲೆ ಸಾಗಿಸು. ಎಡಗೈಲಿ ಎತ್ತು. ಅದೇ ಸ್ವಲ್ಪ ಮೆತ್ತಗಿರೋದು, ನಾನೇ ನೋಡಿದೆ."

ಗಂಟಕ್ಕ ಕುರ್ಚಿ ಎತ್ತಿದಳು. ಮೊಣಕಾಲು ಒಂದೊಂದು ಮೆಟ್ಟಿಲಿಗೂ ಕೂಗಿತು. ಮೆಟ್ಟಿಲು ತಿರುಗುವ ಜಾಗದಲ್ಲಿ ಅವಳು ನಿಂತಳು. ಅತ್ತಿತ್ತ ನೋಡಿದಳು. ಕುರ್ಚಿ ಇಳಿಸಿದಳು. ಅದರ ಮೇಲೆ ಕೂತಳು, ಎರಡೂ ಕೈ ಮಡಿಲಲ್ಲಿಟ್ಟುಕೊಂಡು, ಪೂರ್ತಿ ಭಾರ ಬಿಟ್ಟು.

"ಏನಮ್ಮ ಅದು, ಅಲ್ಲೇ ನಿಂತ್ಬಿಟ್ಟೆ?" ಮುಂದೆ ಹತ್ತಿ ಹೋಗಿದ್ದ ಮೇಸ್ತ್ರಿ ಮೇಲಿನಿಂದ ಬಗ್ಗಿ ನೋಡಿದ.

"ನಿಂತಿಲ್ಲ ಸಾರ್," ಎಂದಳು ಗಂಟಕ್ಕ. ಅವಳ ದನಿಯಲ್ಲಿ ಬೆಳಗಿನಿಂದ ಇಲ್ಲದ ಗಟ್ಟಿತನವಿತ್ತು. "ಕೂತಿದೀನಿ."

ಮೇಸ್ತ್ರಿ ಬೈಯಲಿಲ್ಲ. ಅವನ ಮುಖ ಸಂತೋಷದಿಂದ ಅರಳಿತು.

"ಒಳ್ಳೇದು, ಒಳ್ಳೇದು! ಕೂತು ಏಳೋದೂ ವ್ಯಾಯಾಮವಂತೆ. ಎಲ್ಲಿ, ಈಗ ಏಳು."