ಎರಡನೇ ಪ್ರತಿ

"ಯಾರಪ್ಪಾ ಅದು, ಬೆಳಬೆಳಗ್ಗೆ ಹೀಗೆ ಅಳ್ತಿರೋದು?"

ಕೋಣೆಯಲ್ಲಿ ಯಾರೂ ಇರಲಿಲ್ಲ. ಹಿಂದೊಮ್ಮೆ ಪೊರಕೆ, ಬಕೆಟ್ಟುಗಳನ್ನಿಡುತ್ತಿದ್ದ, ಈಗ ಗ್ರಂಥಾಲಯದ ಸರ್ವರ್ ರೂಮು ಎನಿಸಿಕೊಂಡಿದ್ದ ಆ ಇಕ್ಕಟ್ಟಿನ ಜಾಗದಲ್ಲಿ ಇದ್ದದ್ದು ಒಂದು ಕಪಾಟು, ಒಂದು ಸ್ಟೂಲು, ಮತ್ತು ಹಸಿದ ಕೂಸಿನಂತೆ ಬಿಟ್ಟುಬಿಟ್ಟು ಕಿರುಚುತ್ತಿದ್ದ ಸರ್ವರ್.

ಪ್ರಶ್ನೆ ಕೇಳಿದವನಿಗೆ ಅಪ್ಪ ಅಮ್ಮ ಇಟ್ಟ ಹೆಸರು ಬೇರೆಯೇ ಇತ್ತು. ಗ್ರಂಥಾಲಯದಲ್ಲಿ ಅವನು ಡಬಲ್‌ಕಾಪಿ. ಅದಕ್ಕೆ ಕಾರಣ ಅವನೇ. ಸರ್ವರಿನ ಹೊಟ್ಟೆಯಲ್ಲಿ ಎರಡು ಹಾರ್ಡ್‌ಡಿಸ್ಕುಗಳನ್ನು ಕೂರಿಸಿ, ಒಂದರ ಮೇಲೆ ಏನು ಬರೆದರೂ ಅದೇ ಗಳಿಗೆಗೆ ಇನ್ನೊಂದರ ಮೇಲೂ ಮೂಡುವಂತೆ ಜೋಡಿಸಿದ್ದ. ಒಂದು ಸತ್ತರೆ ಇನ್ನೊಂದು ಬದುಕಿರುತ್ತದೆ. ಇದಕ್ಕೆ ರೇಡ್ ಎನ್ನುತ್ತಾರೆ ಎಂದು ವಿವರಿಸಿದಾಗ ಸಿಬ್ಬಂದಿಯೆಲ್ಲ ಗೋಡೆ ಗಡಿಯಾರ ನೋಡಿದ್ದರು. "ಎಲ್ಲಾ ಡಬಲ್ ಕಾಪಿ ಇರುತ್ತೆ ರೀ, ನಿಶ್ಚಿಂತೆಯಾಗಿರಿ" ಎಂದಾಗ ಮಾತ್ರ ಎಲ್ಲರ ಮುಖ ಅರಳಿತ್ತು. ಅಂದಿನಿಂದ ಅವನು ಆ ಮಾತನ್ನು ಬಿಡಲಿಲ್ಲ, ಆ ಮಾತು ಅವನನ್ನು ಬಿಡಲಿಲ್ಲ.

ಆ ಡಿಸ್ಕುಗಳಲ್ಲಿ ಅವನ ದೊಡ್ಡಮ್ಮನ ದನಿ ಇತ್ತು.

ದೊಡ್ಡಮ್ಮ ಅವನನ್ನು ಸಾಕಿದವಳು. ಅವಳಿಗೆ ಸಾವಿರದೆಂಟುನೂರು ಪದ್ಯಗಳ ಒಂದು ಕಾವ್ಯ ಬಾಯಿಗೆ ಬರುತ್ತಿತ್ತು. ಅವಳಪ್ಪ ಹೇಳಿಕೊಟ್ಟದ್ದು. ಆತ ಬರೆದಿಡಲಿಲ್ಲ, ಇವಳೂ ಬರೆಯಲಿಲ್ಲ, ಯಾವ ಪುಸ್ತಕದಲ್ಲೂ ಅದಿಲ್ಲ. ಎಂಬತ್ತೆರಡು ದಾಟಿದ ಅವಳನ್ನು ಡಬಲ್‌ಕಾಪಿ ಎರಡು ವರ್ಷ, ಗುರುವಾರ ಗುರುವಾರ, ಮೈಕಿನ ಮುಂದೆ ಕೂರಿಸಿ ಹೇಳಿಸಿದ್ದ. ಅವಳದು ಒಂದೇ ದೂರು. "ನಿನ್ನ ಪೆಟ್ಟಿಗೆ ಒಂದ್ಸಲಾನೂ ಹೂಂ ಅನ್ನಲ್ಲ ಕಣೋ. ಗೋಡೆಗೆ ಹೇಳಿದ ಹಾಗಾಗುತ್ತೆ." ಅವನು ನಕ್ಕು, "ಹೂಂ ಅನ್ನದಿದ್ರೇನು ದೊಡ್ಡಮ್ಮ, ಅದು ಮರೆಯಲ್ಲ" ಎನ್ನುತ್ತಿದ್ದ.

ಇವತ್ತು ಸಾಯಂಕಾಲ ಐದಕ್ಕೆ ಗ್ರಂಥಾಲಯದ ಹಾಲಿನಲ್ಲಿ ಆ ದನಿಯನ್ನು ಮೊದಲ ಸಲ ನಾಲ್ಕು ಜನಕ್ಕೆ ಕೇಳಿಸುವುದೆಂದು ನಿಗದಿಯಾಗಿತ್ತು. ದೊಡ್ಡಮ್ಮನೂ ಬರುವವಳಿದ್ದಳು. ಸರ್ವರ್ ಕಿರುಚಲು ಇದೇ ದಿನ ಆರಿಸಿಕೊಂಡಿತ್ತು.

ಪರದೆಯ ಮೇಲೆ ಒಂದೇ ಸಾಲು: ಡಿಸ್ಕ್ 1 ಕೆಟ್ಟಿದೆ.

"ಒಂದು ತಾನೇ? ಎರಡು ಇದೆಯಲ್ಲ," ಎಂದು ತನಗೆ ತಾನೇ ಸಮಾಧಾನ ಹೇಳಿಕೊಂಡು ಡಬಲ್‌ಕಾಪಿ ಬಗ್ಗಿ ನೋಡಿದ. ಕೆಟ್ಟ ಡಿಸ್ಕಿನ ಮುಂದೆ ಕೆಂಪು ದೀಪ ಉರಿಯಬೇಕು. ಆದರೆ ದೀಪಗಳೇ ಕಾಣಲಿಲ್ಲ. ಅವುಗಳ ಮೇಲೆ ಎರಡು ಚೀಟಿಗಳು ನೀಟಾಗಿ ಅಂಟಿದ್ದವು. ದುಂಡನೆಯ ಅಕ್ಷರದಲ್ಲಿ, "1" ಮತ್ತು "2".

"ಮೇಡಂ!"

ಬಂದವರು ಪಟ್ಟಿಯಮ್ಮ. ಗ್ರಂಥಾಲಯದ ಪಟ್ಟಿ ಬರೆಯುವವರು. ಕುರ್ಚಿಗೆ, ಫ್ಯಾನಿಗೆ, ನೀರಿನ ಹೂಜಿಗೆ, ಕೊನೆಗೆ ಚೀಟಿಗಳನ್ನಿಡುವ ಡಬ್ಬಿಗೂ ಚೀಟಿ ಅಂಟಿಸಿದ್ದವರು.

"ನಾನೇ ಅಂಟಿಸಿದ್ದು ಸಾರ್," ಎಂದರು ಹೆಮ್ಮೆಯಿಂದ. "ಆ ಮಿಣಿಮಿಣಿ ದೀಪ ಕಣ್ಣು ಚುಚ್ತಿತ್ತು. ಅದನ್ನೂ ಮುಚ್ಚಿದ ಹಾಗಾಯ್ತು, ನಂಬರೂ ಆಯ್ತು. ಅಂದ ಹಾಗೆ ಸ್ಕ್ಯಾನ್ ಮಾಡಿದ ಹಳೇ ಪತ್ರಿಕೆಗಳೆಲ್ಲ ಇದರಲ್ಲೇ ಹಿಡಿಸಿದ್ವು ಸಾರ್, ಎಂಬತ್ತು ವರ್ಷದ್ದು! ಜಾಗ ಸಿಕ್ತು."

"ಒಳ್ಳೇದಾಯ್ತು, ಒಳ್ಳೇದಾಯ್ತು," ಎಂದ ಡಬಲ್‌ಕಾಪಿ. ಕಿವಿ ಪೂರಾ ಆ ಕಿರುಚಾಟದ ಕಡೆಗಿತ್ತು. 1 ಎಂಬ ಚೀಟಿಯಿದ್ದ ಡಿಸ್ಕಿನ ಹಿಡಿ ಎಳೆದ.

ಕಿರುಚಾಟ ಒಂದು ಗಳಿಗೆ ನಿಂತಿತು. ಅವನ ತುಟಿಯಲ್ಲಿ ಇನ್ನೂ ನಗು ಮೂಡುತ್ತಿರುವಾಗಲೇ ಸರ್ವರ್, ತೊಟ್ಟಿಲಿಂದ ಬಿದ್ದ ಮಗುವಿನ ಹಾಗೆ ಒಂದೇ ಉಸಿರಿಗೆ ಊಳಿಟ್ಟಿತು. ಪರದೆ ಕಪ್ಪಾಯಿತು.

ಆಗ ಅವನಿಗೆ ಹೊಳೆಯಿತು. ಯಂತ್ರ ಸೊನ್ನೆಯಿಂದ ಎಣಿಸುತ್ತದೆ. ಪಟ್ಟಿಯಮ್ಮ ಒಂದರಿಂದ ಎಣಿಸುತ್ತಾರೆ. ಯಂತ್ರದ ಒಂದು ಇವರ ಎರಡು. ಕೈಯಲ್ಲಿದ್ದದ್ದು ಬದುಕಿದ್ದ ಡಿಸ್ಕ್. ದೊಡ್ಡಮ್ಮನ ಸಾವಿರದೆಂಟುನೂರು ಪದ್ಯ, ಅಂಗೈ ಬೆಚ್ಚಗೆ ಮಾಡುತ್ತಾ.

"ಸೊನ್ನೆಯಿಂದ ಯಾರಾದ್ರೂ ಎಣಿಸ್ತಾರಾ ಸಾರ್?" ಎಂದು, ಅವನು ಗೊಣಗಿದ್ದನ್ನು ಕೇಳಿ, ಪಟ್ಟಿಯಮ್ಮ ನಿಜವಾಗಿಯೂ ನೊಂದುಕೊಂಡರು. "ಮನೆಗೆ ಬಂದ ಮೊದಲನೇ ನೆಂಟನ್ನ ಸೊನ್ನೆ ಅಂತೀವಾ?"

ಡಿಸ್ಕನ್ನು ಮತ್ತೆ ಗೂಡಿಗೆ ತಳ್ಳಿ, ಸರ್ವರನ್ನು ಆರಿಸಿ, ಹೊತ್ತಿಸಿ, ಕಣ್ಣು ಮುಚ್ಚಿ ನಿಂತ. ಹಳೆಯ ಕಿರುಚಾಟ ಮತ್ತೆ ಶುರುವಾಯಿತು. ಅಷ್ಟು ಇಂಪಾದ ಸದ್ದನ್ನು ಅವನು ಬಹಳ ದಿನಗಳಿಂದ ಕೇಳಿರಲಿಲ್ಲ.

ಗದ್ದಲಕ್ಕೆ ಬೈಂಡರ್ ಬಂದ. ಹರಿದ ಪುಸ್ತಕ ಹೊಲಿಯುವುದು ಅವನ ಕೆಲಸ; ಉಳಿದದ್ದಕ್ಕೆಲ್ಲ ಸಲಹೆ ಕೊಡುವುದು ಅವನ ಸಂತೋಷ.

"ಏನಯ್ಯಾ ಡಬಲ್‌ಕಾಪಿ, ಸಿಂಗಲ್ ಆಯ್ತಂತೆ?"

"ಹೊಸ ಡಿಸ್ಕ್ ಹಾಕಿದ್ರೆ ಸರಿಹೋಗುತ್ತೆ," ಎನ್ನುತ್ತಾ ಡಬಲ್‌ಕಾಪಿ ಕೆಟ್ಟದ್ದನ್ನು ಕಳಚಿ, ಕಪಾಟಿನಲ್ಲಿ ಆಪತ್ಕಾಲಕ್ಕೆಂದು ಬಟ್ಟೆ ಸುತ್ತಿ ಇಟ್ಟಿದ್ದ ಡಿಸ್ಕನ್ನು ತೆಗೆದ. ಅದು ಹಿಂದಿನ ಕಾಲದ್ದು. ಬೆನ್ನಿನ ತುಂಬ ಬಾಚಣಿಗೆಯಂತೆ ನಲವತ್ತು ಸೂಜಿ. ಗೂಡಿನಲ್ಲಿದ್ದದ್ದು ಸಾಟಾ ಎಂಬ ಈಚಿನ ಜಾತಿಯ ತೆಳ್ಳನೆಯ ಪಟ್ಟಿ ಬಾಯಿ. ಬಾಚಣಿಗೆಯನ್ನು ಬೀಗದ ಕಿಂಡಿಗೆ ತೂರಿಸಿದ ಹಾಗಾಯಿತು.

"ಅರ ಕೊಡು, ಒಂದಿಷ್ಟು ಉಜ್ಜಿಬಿಡೋಣ," ಎಂದ ಬೈಂಡರ್.

"ಉಜ್ಜೋದಲ್ಲಣ್ಣಾ ಇದು!"

ಎರಡು ಬೀದಿ ಆಚೆಯ ಅಂಗಡಿಗೆ ಓಡಿದ. ಅಂಗಡಿಯವನು ಪೊಟ್ಟಣ ಕೈಗಿಟ್ಟು, "ಇದಕ್ಕಿಂತ ಗಟ್ಟಿ ಮಾಲು ಇಲ್ಲ, ದೊಡ್ಡ ದೊಡ್ಡ ಕಂಪನಿಯವರು ಒಯ್ಯೋದು ಇದನ್ನೇ" ಎಂದ. ತಂದು ತಳ್ಳಿದರೆ ಕೂದಲೆಳೆಯಷ್ಟು ಹೊರಗೇ ನಿಂತಿತು. ಕನ್ನಡಕ ಹಣೆಗೇರಿಸಿ ನೋಡಿದ. ಮೂತಿಯ ನಡುವೆ ಸಂದು ಇರಬೇಕಾದ ಕಡೆ ಈ ಗಟ್ಟಿ ಮಾಲಿಗೆ ಸಂದು ತುಂಬಿಕೊಂಡಿತ್ತು. ಸ್ಯಾಸ್ ಎಂಬ ಇನ್ನೊಂದು ಜಾತಿ. ಸಾಟಾ ಡಿಸ್ಕು ಸ್ಯಾಸ್ ಮನೆಗೆ ಹೋದರೆ ಜಾಗ ಕೊಡುತ್ತಾರೆ. ಸ್ಯಾಸ್ ಡಿಸ್ಕಿಗೆ ಸಾಟಾ ಮನೆಯ ಬಾಗಿಲು ತೆರೆಯುವುದಿಲ್ಲ.

"ದೊಡ್ಡ ಮನೆ ಅಳಿಯನ ಹಾಗೆ ಇದು," ಎಂದ ಬೈಂಡರ್. "ಹೊಸಲು ದಾಟಲ್ಲ, ವಾಪಸ್ಸೂ ಹೋಗಲ್ಲ."

ವಾಪಸ್ಸು ಹೋಯಿತು. ಡಬಲ್‌ಕಾಪಿಯೇ ಬಿಸಿಲಲ್ಲಿ ಹೊತ್ತುಕೊಂಡು ಹೋದ. ಸರಿಯಾದದ್ದು ಬಂದು ಕಟಕ್ಕೆಂದು ಕೂತಾಗ ಒಂದು ಗಂಟೆ.

ಪರದೆ ಕೇಳಿತು: ಯಾವುದರಿಂದ ಯಾವುದಕ್ಕೆ ನಕಲು ಮಾಡಲಿ?

ಇದಕ್ಕೇ ಅವನು ಹೆದರುತ್ತಿದ್ದ. ದಿಕ್ಕು ತಪ್ಪಿದರೆ ಹೊಸ ಡಿಸ್ಕಿನ ಖಾಲಿತನವನ್ನು ಯಂತ್ರ ಅಷ್ಟೇ ಶ್ರದ್ಧೆಯಿಂದ ಹಳೆಯದರ ಮೇಲೆ ಬರೆದುಬಿಡುತ್ತದೆ. ಸೊನ್ನೆಯಿಂದ ಒಂದಕ್ಕೆ. ಬೆರಳಿಟ್ಟು ಮೂರು ಸಲ ಓದಿದ. ಪಟ್ಟಿಯಮ್ಮನಿಂದ ಓದಿಸಿದ. ಬೈಂಡರನಿಂದಲೂ ಓದಿಸಿದ. ಮನಸ್ಸಿನಲ್ಲಿ ದೇವರನ್ನು ನೆನೆದು ಒತ್ತಿದ.

ಶೇಕಡಾ ಸೊನ್ನೆ. ಮುಗಿಯಲು ಮೂರೂವರೆ ಗಂಟೆ.

"ಅಷ್ಟು ಯಾಕೆ ಹೆದರ್ತೀರಿ ಸಾರ್," ಎಂದರು ಪಟ್ಟಿಯಮ್ಮ ಮರುಕದಿಂದ, ಚಹಾದ ಲೋಟ ಕೈಗೆ ಕೊಡುತ್ತಾ. "ಎಲ್ಲಾ ಎರಡೆರಡು ಇದೆಯಲ್ಲ."

ಅವನು ಸ್ಟೂಲಿನ ಮೇಲೆ ಕಾವಲು ಕೂತ. ಶೇಕಡಾ ಒಂಬತ್ತು. ಹನ್ನೆರಡು. ಸುಮ್ಮನಿರಲಾರದೆ ದೊಡ್ಡಮ್ಮನ ಕಾವ್ಯದ ಮೊದಲನೆಯ ಪದ್ಯ ಗುನುಗತೊಡಗಿದ. ಚಿಕ್ಕಂದಿನಲ್ಲಿ ಏಳು ವರ್ಷ, ದಿನಾ, ಅವಳ ತೊಡೆಗೊರಗಿ ಕೇಳಿದ್ದು. ಅವಳ ಜೊತೆಗೆ ಗಟ್ಟಿಯಾಗಿ ಹೇಳಿದ್ದು. ಸಾಲಿಗೊಮ್ಮೆ ಹೂಂ ಎನ್ನುವುದು ಅವನ ಕೆಲಸ. ಹೂಂ ನಿಂತರೆ ನಿದ್ದೆ ಬಂದಿದೆ ಎಂದರ್ಥ.

"ಎಣ್ಣೆಯ ಕೇಳದ ದೀಪವೆ, ಎನ್ನಯ ಕಣ್ಣಲಿ ನಿಂತಿರು ನೀ..."

ಇದು ಎರಡನೆಯ ಸಾಲು. ಮೊದಲನೆಯದು ಏನು? ಪ್ರಾಸದ ಲೆಕ್ಕದಲ್ಲಿ ಅದರ ಮೊದಲ ಪದದಲ್ಲೂ ಒಂದು 'ಣ್ಣ' ಇರಬೇಕು. ಮಣ್ಣು? ಹಣ್ಣು? ಸಣ್ಣ? ಬಣ್ಣ? ಬೆಣ್ಣೆಯಂತೂ ಇರಲಾರದು. ನಾಲಿಗೆಯ ತುದಿಗೆ ಬಂದು, ಬಾಗಿಲಲ್ಲಿ ಯಾರನ್ನೋ ಕಂಡಂತೆ ಹಿಂದೆ ಸರಿಯಿತು. ಪರವಾಗಿಲ್ಲ, ಐದು ಗಂಟೆಗೆ ಕೇಳಿಸುತ್ತದಲ್ಲ ಎಂದುಕೊಂಡ. ಅದಕ್ಕೇ ಅಲ್ಲವೇ ರೆಕಾರ್ಡ್ ಮಾಡಿದ್ದು?

ಶೇಕಡಾ ಅರವತ್ತೊಂದರಲ್ಲಿ ಬೈಂಡರ್ ಅಂಟು ಕಾಯಿಸುವ ಒಲೆ ಹಿಡಿದು ಒಳಗೆ ಬಂದ. "ನನ್ನ ಕಡೆ ಕರೆಂಟಿಲ್ಲ, ಇಲ್ಲೊಂದೈದು ನಿಮಿಷ," ಎನ್ನುತ್ತಾ ಸರ್ವರಿನ ಪ್ಲಗ್ಗಿಗೇ ಕೈ ಹಾಕಿದ. ಡಬಲ್‌ಕಾಪಿ ಸ್ಟೂಲಿನಿಂದ ಹಾರಿದ. ಹಾರಿದವನು ಪ್ಲಗ್ಗನ್ನು ಎರಡೂ ಕೈಯಲ್ಲಿ ತಬ್ಬಿ ನೆಲದ ಮೇಲೆ ಬಿದ್ದ. ಅಂಟು ಅವನ ಅಂಗಿಯ ಮೇಲೆ ಬಿತ್ತು.

"ಸದ್ಯ, ಕಾದಿರಲಿಲ್ಲ," ಎಂದ ಬೈಂಡರ್.

ಉಳಿದ ಹೊತ್ತನ್ನು ಡಬಲ್‌ಕಾಪಿ ನೆಲದಲ್ಲೇ, ಪ್ಲಗ್ಗಿಗೆ ಬೆನ್ನು ಕೊಟ್ಟು ಕಳೆದ. ಅಂಗಿ ಒಣಗಿ ರಟ್ಟಾಯಿತು.

ನಾಲ್ಕೂವರೆಗೆ ಕಿರುಚಾಟ ನಿಂತಿತು. ಚೀಟಿಗಳನ್ನು ಕಿತ್ತು ನೋಡಿದ. ಎರಡು ಹಸಿರು ದೀಪ, ಒಂದೇ ಲಯದಲ್ಲಿ ರೆಪ್ಪೆ ಬಡಿಯುತ್ತಿದ್ದವು. ಅವನ ಕಣ್ಣು ತೇವವಾಯಿತು. ಬೈಂಡರ್ ಬೆನ್ನು ತಟ್ಟಿದ. ಬೆನ್ನು ಟಕಟಕ ಎಂದಿತು.

'ದೊಡ್ಡಮ್ಮ' ಎಂಬ ಫೋಲ್ಡರನ್ನು ತೆರೆದ.

ಖಾಲಿ.

ಮುಚ್ಚಿ ತೆರೆದ. ಖಾಲಿ. ಕನ್ನಡಕ ಒರೆಸಿ ತೆರೆದ.

"ಓ, ಅದಾ ಸಾರ್?" ಪಟ್ಟಿಯಮ್ಮ ಅವನ ಹೆಗಲ ಮೇಲಿಂದ ಇಣುಕಿದರು. "ಅದನ್ನ ನಾನೇ ತೆಗೆದೆ. ಹೋದ ಶನಿವಾರ ನೀವು ರಜೆ. ಪತ್ರಿಕೆ ಹಾಕೋಕೆ ಹೋದ್ರೆ ಜಾಗ ಇಲ್ಲ ಅಂತು. ಇದೊಂದೇ ದೊಡ್ಡದಾಗಿತ್ತು. ಹೇಗಿದ್ರೂ ಇನ್ನೊಂದು ಕಾಪಿ ಆ ಡಿಸ್ಕಲ್ಲಿ ಇರುತ್ತಲ್ಲ ಅಂತ ಈ ಡಿಸ್ಕಿಂದ ಅಳಿಸಿದೆ."

"ಮೇಡಂ," ಅವನ ದನಿ ಎಲ್ಲಿಂದಲೋ ಬಂತು. "ಅದು ಒಂದು ಏನು ಮಾಡಿದ್ರೆ ಇನ್ನೊಂದೂ ಅದನ್ನೇ ಮಾಡುತ್ತೆ. ಬರೆದ್ರೆ ಬರೆಯುತ್ತೆ. ಅಳಿಸಿದ್ರೆ..."

ಅಳಿಸಿದ ಜಾಗದ ಮೇಲೆ ಎಂಬತ್ತು ವರ್ಷದ ಪತ್ರಿಕೆಗಳು ಕಾಲು ಚಾಚಿ ಮಲಗಿದ್ದವು. ಬೆಳಗ್ಗೆಯಿಂದ ಅವನು ಬಿಸಿಲು, ಅಂಟು, ನೆಲ ಎನ್ನದೆ ಕಾಪಾಡಿದ್ದು ಒಂದು ಖಾಲಿ ಫೋಲ್ಡರನ್ನು. ಈಗ ಅದು ನಿಜಕ್ಕೂ ಡಬಲ್ ಕಾಪಿ ಇತ್ತು.

"ನೀವೇ ಹೇಳಿದ್ರಲ್ಲ ಸಾರ್, ನಿಶ್ಚಿಂತೆಯಾಗಿರಿ ಅಂತ," ಎಂದರು ಪಟ್ಟಿಯಮ್ಮ. ಅವರ ಕಣ್ಣಲ್ಲೂ ನೀರಿತ್ತು. ಹೇಳಿದ್ದು ಹೌದು. ದಿನಕ್ಕೆ ಎರಡು ಸಲ ಹೇಳಿದ್ದ.

ಹೊರಗೆ ಊರುಗೋಲಿನ ಸದ್ದಾಯಿತು.

"ಏನೋ ಇದು, ಅಂಗಿಗೆ ಗಂಜಿ ಜಾಸ್ತಿ ಆದ ಹಾಗಿದೆ?" ಎನ್ನುತ್ತಾ ದೊಡ್ಡಮ್ಮ ಒಳಗೆ ಬಂದು ಸ್ಟೂಲಿನ ಮೇಲೆ ಕೂತಳು. ಅವನು ಎಲ್ಲವನ್ನೂ ಹೇಳಿದ. ಅವಳು ಕಣ್ಣು ಮುಚ್ಚಿ, ಸಾಲಿಗೊಮ್ಮೆ "ಹೂಂ" ಎನ್ನುತ್ತಾ ಕೇಳಿದಳು.

"ಒಂದು ಮರೆತ್ರೆ ಇನ್ನೊಂದೂ ಮರೆಯುತ್ತಾ?" ಎಂದಳು ಕೊನೆಗೆ. "ಪಾಪ, ಒಳ್ಳೇ ಅಣ್ಣತಮ್ಮಂದಿರು."

"ದೊಡ್ಡಮ್ಮ, ನಿನ್ನ ಕಾಲು ಹಿಡೀತೀನಿ. ಇನ್ನೊಂದ್ಸಲ ಹೇಳು. ಈ ಸಲ ಮೂರು ಊರಲ್ಲಿ ಮೂರು ಕಾಪಿ ಇಡ್ತೀನಿ."

"ನಮ್ಮಪ್ಪ ಎಷ್ಟು ಕಾಪಿ ಇಟ್ಟಿದ್ರು ಗೊತ್ತಾ? ಒಂದು. ಆ ಕಾಪಿ ಇಲ್ಲಿ ಸ್ಟೂಲ್ ಮೇಲೆ ಕೂತಿದೆ. ನಾನು ಇಟ್ಟಿದ್ದೂ ಒಂದೇ." ಊರುಗೋಲಿನ ತುದಿಯಿಂದ ಅವನ ಎದೆಯನ್ನು ಮೆಲ್ಲಗೆ ತಿವಿದಳು, ಒಣಗಿದ ಅಂಗಿ ಡಬ್ಬಿಯಂತೆ ಸದ್ದು ಮಾಡಿತು. "ಏಳು ವರ್ಷ ಹೇಳಿಕೊಟ್ಟೆ. ಮೈಕ್ ತಂದು ಇಟ್ಟಾಗ ಇವನು ಮರೆತಿರಲಾರ, ಊರಿಗೆಲ್ಲ ಕೇಳಿಸಲಿ ಅಂತ ಮಾಡ್ತಿದಾನೆ ಅಂದ್ಕೊಂಡೆ. ಹೊರಗೆ ಜನ ಬಂದು ಕೂತಿದಾರೆ. ನಡಿ, ಹೇಳು. ಹೂಂ ಅನ್ನೋಕೆ ನಾನಿದೀನಿ."

ಹಾಲಿನಲ್ಲಿ ಇಪ್ಪತ್ತು ಇಪ್ಪತ್ತೈದು ಜನ. ದೊಡ್ಡಮ್ಮ ಮುಂದಿನ ಸಾಲಿನಲ್ಲಿ ಕೂತು, ಊರುಗೋಲನ್ನು ತೊಡೆಯ ಮೇಲೆ ಅಡ್ಡ ಇಟ್ಟು, ಕಣ್ಣು ಮುಚ್ಚಿದಳು. ಪಕ್ಕದಲ್ಲಿ ಪಟ್ಟಿಯಮ್ಮ ಪೆನ್ನು ಕಾಗದ ಹಿಡಿದು ಕೂತರು. ಬೈಂಡರ್ ಕಂಬಕ್ಕೊರಗಿದ. ಡಬಲ್‌ಕಾಪಿ ಮೈಕಿನ ಮುಂದೆ ನಿಂತ. ಕೆಮ್ಮಿದ. ಎರಡನೆಯ ಸಾಲು ಕೈಕಟ್ಟಿ ಸಿದ್ಧವಾಗಿ ನಿಂತಿತ್ತು; ಅದರ ಮುಂದಿನ ಜಾಗ ಖಾಲಿ.

ಮಣ್ಣು, ಹಣ್ಣು, ಸಣ್ಣ, ಬಣ್ಣ.

"ಹೂಂ," ಎಂದಳು ದೊಡ್ಡಮ್ಮ.

ಅವನು ಮೈಕನ್ನು ಅಂಗೈಯಿಂದ ಮುಚ್ಚಿ, ರಟ್ಟಾದ ಅಂಗಿಯಲ್ಲಿ ಆದಷ್ಟು ಬಗ್ಗಿ, ಪಿಸುಗುಟ್ಟಿದ.

"ದೊಡ್ಡಮ್ಮಾ, ಮೊದಲನೇ ಪದ. ಅದೊಂದೇ ಒಂದು ಹೇಳಿಬಿಡು, ಆಮೇಲೆ ನಾನೇ ಹೇಳ್ಕೊಂಡು ಹೋಗ್ತೀನಿ."

ದೊಡ್ಡಮ್ಮ ಕಣ್ಣು ತೆರೆಯಲಿಲ್ಲ.

"ಹೇಳಲ್ಲ."