ಬಿಲ್ ಕಲೆಕ್ಟರ್ ಮನೆ ಮದುವೆ

ಪಂಚಾಯ್ತಿ ಬಿಲ್ ಕಲೆಕ್ಟರ್ ಕೆಲಸ ಅಂದ್ರೆ ಇಂಥವು ನಡೀತಾನೇ ಇರ್ತವೆ. ನಗು ಊರಿಗೆ, ಸಂಕಟ ನನಗೆ. ಬಿಳಿಗೆರೆ ಸುತ್ತಮುತ್ತ ಮನೆ ಕಂದಾಯ ಕೇಳಿ ಕೇಳಿ ತಲೆ ನೆರೆಯಿತು. ‘ಬಾ, ಕೂತ್ಕೋ’ ಅಂದವರು ಕಡಿಮೆ. ಮೊನ್ನೆ ಮಗಳ ಮದುವೆ ಗೊತ್ತಾದಾಗ ನನಗೆ ಒಂದೇ ಚಿಂತೆ: ಇವರಲ್ಲಿ ಯಾರಾದ್ರೂ ಬರ್ತಾರಾ?

ಅಟ್ಟ

ನಮ್ಮ ಕಡೆ ತೆಂಗಿನಕಾಯಿನ ಅಟ್ಟಕ್ಕೆ ಹಾಕಿ, ಒಳಗೇ ಒಣಗಿ ಕೊಬ್ಬರಿ ಆಗೋವರೆಗೂ ಬಿಡ್ತಾರೆ. ಹಿಂದೊಮ್ಮೆ ನನ್ನ ಸ್ಕೂಲ್ ಜೊತೆಗಾರನ ಮನೆಗೆ ಕಂದಾಯಕ್ಕೆ ಹೋದೆ. ಅವನ ಹೆಂಡತಿ ಬಾಗಿಲಲ್ಲೇ ನಿಂತು, “ಅವ್ರಿಲ್ಲ ಕಣಣ್ಣ, ತುರುವೇಕೆರೆಗೆ ಹೋಗವ್ರೆ” ಅಂದ್ಲು. ಅಷ್ಟರಲ್ಲಿ ಅಟ್ಟದ ಮೇಲೆ ಕಾಯಿ ಗಡಗಡ ಉರುಳಿದವು.

“ಏನಮ್ಮ ಅದು?”

“ಇಲಿ.”

ಅಟ್ಟ ಕೆಮ್ಮಿತು.

“ಇಲಿ ಕೆಮ್ಮುತ್ತೇನಮ್ಮ?”

“ಒಲೆ ಹೊಗೆಯೆಲ್ಲ ಅಲ್ಲಿಗೇ ಹೋಗುತ್ತಲ್ಲಣ್ಣ, ಪಾಪ!”

ಗೋಡೆ

ಅಣ್ಣ ತಮ್ಮ ಇಬ್ಬರು ಪಾಲಾಗಿ ಮನೆ ಮಧ್ಯೆ ಗೋಡೆ ಎಬ್ಬಿಸಿದ್ರು. ಕಂದಾಯ ಅಣ್ಣನ್ನ ಕೇಳಿದ್ರೆ ತಮ್ಮ ಕಟ್ಟಲಿ ಅಂತಾನೆ, ತಮ್ಮನ್ನ ಕೇಳಿದ್ರೆ ಅಣ್ಣ ಕಟ್ಟಲಿ ಅಂತಾನೆ. ಅವರವರಲ್ಲಿ ಮಾತೂ ಇಲ್ಲ. ಒಂದಿನ ಇಬ್ಬರನ್ನೂ ಬೀದಿಯಲ್ಲಿ ನಿಲ್ಲಿಸಿ, “ನಿಮ್ಮಪ್ಪ ತಾವೇ ಬಂದು ಕಟ್ಟೋರು, ನಾಚಿಕೆ ಆಗಲ್ವಾ?” ಅಂದೆ. ಇಬ್ಬರೂ ಒಬ್ಬರ ಮುಖ ಒಬ್ಬರು ನೋಡ್ಕೊಂಡ್ರು.

“ನಮ್ಮಪ್ಪನ ಹೆಸರೆತ್ತೋಕೆ ನೀನ್ಯಾವನ್ಲಾ?” ಅಂತ ಒಂದಾಗಿ ನನ್ನ ಅಟ್ಟಿಸ್ಕೊಂಡು ಬಂದ್ರು.

ಲಗ್ನಪತ್ರಿಕೆ

ಇಂಥವರಿಗೆಲ್ಲ ಪತ್ರಿಕೆ ಹಂಚೋಕೆ ಹೊರಟೆ. ನನ್ನ ಮೊಪೆಡ್ ಸದ್ದು ಕೇಳಿದ್ದೇ ತಡ, ಬೀದಿ ಬಾಗಿಲೆಲ್ಲ ಮುಚ್ಚಿದವು. ಜೊತೆಗಾರನ ಬಾಗಿಲ ಸಂದಿಯಲ್ಲಿ ಪತ್ರಿಕೆ ತೂರಿಸಿದೆ. ನೋಟೀಸು ಅಂದ್ಕೊಂಡು ಒಳಗಿಂದ ವಾಪಸ್ ತಳ್ಳಿದ್ರು. ಮತ್ತೆ ತೂರಿಸಿದೆ, ಮತ್ತೆ ತಳ್ಳಿದ್ರು. “ಮಗಳ ಮದುವೆ ಕಣ್ಲಾ, ಬಾರ್ಲಾ!” ಅಂತ ಕೂಗಿ, ಹೊಸ್ತಿಲ ಮೇಲಿಟ್ಟು ಬಂದೆ.

ಮದುವೆ ದಿನ ಕಿಬ್ಬನಹಳ್ಳಿ ಛತ್ರದ ಬಾಗಿಲಲ್ಲಿ ದಾರಿ ಕಾಯ್ತಾ ನಿಂತೆ. ಬೀಗರ ಕಡೆಯವರು ತುಂಬಿದ್ರು, ನಮ್ಮೂರವರ ಸುಳಿವಿಲ್ಲ. ಕೊನೇ ಪಂಕ್ತಿಗೆ ಎಲೆ ಹಾಕೋ ಹೊತ್ತಿಗೆ ಒಳಗೆ ನೋಡ್ತೀನಿ, ಹಿಂಬಾಗಿಲಿಂದ ಬಂದಿದ್ದ ಜೊತೆಗಾರ! ಹೆಂಡತಿ ಸಮೇತ ಮಂಟಪದಿಂದ ಇಳಿದು ಬಂದು ನನ್ನ ಕೈಗೂ ಒಂದು ಕವರ್ ಇಟ್ಟ. ಊರಿಂದ ಬಂದಿದ್ದು ಅವರಿಬ್ಬರೇ. “ಮುಯ್ಯಿ ಯಾಕ್ಲಾ, ನೀನು ಬಂದಿದ್ದೇ ಸಾಕು” ಅಂತ ತಬ್ಕೊಂಡು ಅತ್ತುಬುಟ್ಟೆ.

ಅವನು ಬಿಡಿಸ್ಕೊಂಡು ಅಲ್ಲೇ ನಿಂತ.

“ಊಟಕ್ಕೆ ನಡಿಯೋ” ಅಂದೆ.

“ರಸೀದಿ ಕೊಡು, ಹೋಗ್ತೀನಿ.”

“ಮುಯ್ಯಿಗೆ ಎಂಥ ರಸೀದಿ?”

“ಮುಯ್ಯಿ ಮಗಳ ಕೈಗೆ ಕೊಟ್ಟಾಯ್ತು. ಇದು ಕಂದಾಯ. ನೀನು ಮನೆ ಹತ್ರ ಬಂದ್ರೆ ನಾನು ಅಟ್ಟ ಹತ್ತಬೇಕು. ಮಂಡಿನೋವು, ಕೈಲಾಗಲ್ಲ ಕಣ್ಲಾ!”